ಕೆಸರು ಗದ್ದೆಯಲ್ಲಿ ಇಲಿ ಹಿಡಿಯುವ ಕ್ರಮ

ಭತ್ತದ ಗದ್ದೆಗೆ ಇಲಿಯ ಕಾಟ ಹೊಸದೇನಲ್ಲ. ತುಂಗಭದ್ರಾ, ಭದ್ರಾ, ಕಾವೇರಿ ಅಚ್ಚುಕಟ್ಟುಗಳ ನೀರಾವರಿ ಗದ್ದೆಗಳಿರಲಿ, ಮಲೆನಾಡು ಕರಾವಳಿಗಳ ಮಳೆಯಾಶ್ರಿತ ಗದ್ದೆಗಳಿರಲಿ, ಪೈರು ಹೊಡೆಗೆ ಬರುವ ಹೊತ್ತಿಗೆ ಇಲಿಗಳು ತೆಂಡೆಗಳನ್ನು ಕತ್ತರಿಸಿ ಕೆಡಹುವುದನ್ನು ರೈತರು ವರ್ಷ ವರ್ಷವೂ ಕಾಣುತ್ತಾರೆ. ಇದರ ಹತೋಟಿಗೆಂದು ಬೋನು ತಂದು ಬದುವಿನ ಮೇಲಿಟ್ಟು, ನಾಲ್ಕು ರಾತ್ರಿ ಕಾದು, ಒಂದು ಇಲಿಯೂ ಬೀಳದಿದ್ದಾಗ ‘ಕೆಸರಿನಲ್ಲಿ ಬೋನು ನಡೆಯುವುದಿಲ್ಲ’ ಎಂದು ಅದನ್ನು ಅಟ್ಟಕ್ಕೆ ಹಾಕಿದವರೂ ಅನೇಕರಿದ್ದಾರೆ.

ಮನೆಯಲ್ಲಿ, ಉಗ್ರಾಣದಲ್ಲಿ ಚೆನ್ನಾಗಿ ಕೆಲಸ ಮಾಡುವ ಅದೇ ಬೋನು ಗದ್ದೆಯಲ್ಲಿ ಸೋಲುವುದೇಕೆ? ದೋಷ ಬೋನಿನದೂ ಅಲ್ಲ, ಕೆಸರಿನದೂ ಅಲ್ಲ. ಬೋನು ಇಡುವ ಜಾಗ, ಕಾಲ ಮತ್ತು ವಿಧಾನಗಳಲ್ಲಿ ತಪ್ಪಾಗುತ್ತಿದೆ. ಅರಿತು ನಡೆದರೆ ನೀರು ಮತ್ತು ಕೆಸರು ರೈತನಿಗೆ ಸಹಾಯಕವೇ ಆಗುತ್ತವೆ. ಆದರೆ ಅದೇ ಕೆಸರಿನಲ್ಲಿ ಇಲಿಜ್ವರದ ಅಪಾಯವೂ ಇರುವುದರಿಂದ ಇಲಿ ಹಿಡಿಯುವ ಕೆಲಸವನ್ನು ಎಚ್ಚರಿಕೆಯಿಂದ ಮಾಡಬೇಕಾಗುತ್ತದೆ.

ಯಾವ ಇಲಿ, ಎಂತಹ ಹಾನಿ

ನೀರು ನಿಲ್ಲುವ ಗದ್ದೆಗಳಲ್ಲಿ ಹೆಚ್ಚು ಹಾನಿ ಮಾಡುವುದು ಕಿರು ಹೆಗ್ಗಣ. ಇದು ಗಟ್ಟಿಮುಟ್ಟಾದ, ಮೋಟು ಮೂತಿಯ, ಮಾಸಲು ಕಂದು ಬಣ್ಣದ ಪ್ರಾಣಿ. ಚೆನ್ನಾಗಿ ಈಜಬಲ್ಲದು. ಬದು ಮತ್ತು ಕಾಲುವೆ ಏರಿಗಳಲ್ಲಿ ಕವಲು ಕವಲಾದ ಬಿಲ ತೋಡಿ, ಕೊಯ್ದ ತೆನೆಗಳನ್ನು ಬಿಲದೊಳಗಿನ ಕೋಣೆಗಳಲ್ಲಿ ಕೂಡಿಡುತ್ತದೆ. ಇದರೊಡನೆ ಮೃದು ತುಪ್ಪಳದ ಹೊಲದ ಇಲಿ ಹಾಗೂ ಪುಟ್ಟ ಹೊಲದ ಇಲಿಗಳೂ ಇರುತ್ತವೆ. ಹೆಣ್ಣು ಇಲಿಯು ಗರ್ಭ ಧರಿಸಿದ ಸುಮಾರು ಮೂರು ವಾರಗಳಲ್ಲಿ ಮರಿ ಹಾಕುತ್ತದೆ. ತೆನೆ ಬಲಿಯುವ ಕಾಲದಲ್ಲಿ ಆಹಾರ ಸಮೃದ್ಧಿಯಾಗಿರುವುದರಿಂದ ಸಂತಾನವೂ ಆಗಲೇ ಬಹಳವಾಗಿ ಹೆಚ್ಚುತ್ತದೆ.

ಇಲಿಯು ಕಾಂಡವನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ ಓರೆಯಾಗಿ ಕತ್ತರಿಸುತ್ತದೆ. ಹಾನಿ ಸಾಮಾನ್ಯವಾಗಿ ಗದ್ದೆಯ ನಡುವಿನಿಂದ ಆರಂಭವಾಗುತ್ತದೆ; ಅಂಚಿನ ಸಾಲುಗಳು ಹಸಿರಾಗಿ ನಿಂತೇ ಇರುತ್ತವೆ. ಬದುವಿನ ಮೇಲೆ ನಡೆದು ನೋಡುವವನಿಗೆ ಪೈರು ಚೆನ್ನಾಗಿದೆಯೆಂದೇ ತೋರುತ್ತದೆ. ಒಳಗೆ ಇಳಿದು ನೋಡಿದಾಗ ಮಾತ್ರ ನಷ್ಟದ ಅರಿವಾಗುತ್ತದೆ. ತೆಂಡೆ ಒಡೆಯುವ ಹಂತದಲ್ಲಿ ಕತ್ತರಿಸಿದ್ದನ್ನು ಪೈರು ಹೊಸ ತೆಂಡೆಯಿಂದ ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳುತ್ತದೆ. ಹೊಡೆಯ ನಂತರ ಕತ್ತರಿಸಿದ್ದು ಪೂರ್ತಿ ನಷ್ಟವೇ ಸರಿ.

ಕೆಸರು ಕೊಡುವ ಸುಳಿವು

ಒಣ ಹೊಲದಲ್ಲಿ ಇಲಿ ಎಲ್ಲಿಂದ ಬೇಕಾದರೂ ಓಡಾಡುತ್ತದೆ. ನೀರು ನಿಲ್ಲಿಸಿದ ಗದ್ದೆಯಲ್ಲಿ ಹಾಗಲ್ಲ. ಈಜಬಲ್ಲದಾದರೂ ಅದರ ಬಿಲ ಮತ್ತು ಮರಿಗಳು ಇರುವುದು ಬದುವಿನ ಒಣ ಭಾಗದಲ್ಲಿ. ದಿನನಿತ್ಯದ ಓಡಾಟವೂ ಬಹುಮಟ್ಟಿಗೆ ಬದುಗಳ ಮೇಲೆಯೇ. ಎಂದರೆ ಹತ್ತು ಎಕರೆಯ ಇಲಿಗಳನ್ನು ನೀರು ತಾನಾಗಿಯೇ ಕೆಲವು ಕಿರಿದಾದ ದಾರಿಗಳಿಗೆ ಕೂಡಿಹಾಕಿಕೊಡುತ್ತದೆ. ಆ ದಾರಿ ಯಾವುದೆಂದು ಕೆಸರೇ ತೋರಿಸುತ್ತದೆ.

ಮುಂಜಾನೆ ಬಿಸಿಲೇರುವ ಮೊದಲು ಬದುವಿನ ಇಕ್ಕೆಲವನ್ನು ನೋಡತಕ್ಕದ್ದು. ಮುಂಗಾಲಿನ ನಾಲ್ಕು ಬೆರಳು, ಹಿಂಗಾಲಿನ ಐದು ಬೆರಳುಗಳ ಗುರುತು, ನಡುವೆ ಬಾಲ ಎಳೆದ ಗೀರು, ಹುಲ್ಲು ಮಲಗಿ ನುಣುಪಾದ ಕಿರುದಾರಿ, ಕತ್ತರಿಸಿದ ಕಾಂಡದ ತುಂಡುಗಳು, ಹಿಕ್ಕೆ ಇವು ಇಲಿಯ ಲಕ್ಷಣಗಳು. ಏಡಿಯ ಬಿಲವನ್ನು ಇಲಿಯ ಬಿಲವೆಂದು ತಿಳಿದು ಮೋಸಹೋಗಬಾರದು. ಏಡಿಯ ಬಿಲವು ನೀರಿನ ಮಟ್ಟಕ್ಕೆ ಸಮೀಪವಾಗಿದ್ದು, ಬಾಯಲ್ಲಿ ಹಸಿ ಕೆಸರಿನ ಉಂಡೆಗಳಿರುತ್ತವೆ. ಇಲಿಯ ಬಿಲವು ನೀರಿಗಿಂತ ಮೇಲಿದ್ದು, ಎದುರಿಗೆ ಪುಡಿಮಣ್ಣಿನ ಗುಡ್ಡೆ ಇರುತ್ತದೆ. ಕಿರು ಹೆಗ್ಗಣವು ಬಿಲದ ಬಾಯನ್ನು ಅದೇ ಮಣ್ಣಿನಿಂದ ಮುಚ್ಚಿಕೊಳ್ಳುವುದೂ ಉಂಟು.

ಬಿಲದಲ್ಲಿ ಇಲಿ ಇದೆಯೇ ಎಂಬುದನ್ನು ತಿಳಿಯಲು ಸಂಜೆ ಎಲ್ಲ ಬಿಲಗಳ ಬಾಯಿಗೂ ಕೆಸರು ಮೆತ್ತಿ, ಪಕ್ಕದಲ್ಲಿ ಕಡ್ಡಿ ನೆಡಬೇಕು. ಮಾರನೆಯ ದಿನ ತೆರೆದುಕೊಂಡ ಬಿಲಗಳು ಮಾತ್ರ ವಾಸವಿರುವ ಬಿಲಗಳು. ಬೋನುಗಳನ್ನು ಅವುಗಳ ದಾರಿಯಲ್ಲೇ ಇಟ್ಟರೆ ಸಾಕು. ಕಂಡಕಂಡಲ್ಲಿ ಇಡುವುದು ವ್ಯರ್ಥ.

ಯಾವಾಗ ಹಿಡಿಯಬೇಕು

ಹೆಚ್ಚಿನ ರೈತರು ಬೋನು ಹುಡುಕುವುದು ತೆನೆ ಬಿದ್ದದ್ದನ್ನು ಕಂಡ ಮೇಲೆ. ಆ ವೇಳೆಗೆ ಗದ್ದೆಯ ತುಂಬ ಹಾಲುಗಾಳಿರುವುದರಿಂದ ಬೋನಿನ ತಿಂಡಿಯನ್ನು ಇಲಿ ಮೂಸಿಯೂ ನೋಡದು. ಬೇಸಿಗೆಯಲ್ಲಿ ಗದ್ದೆ ಬರಿದಾಗಿದ್ದು ಆಹಾರ ಕಡಿಮೆಯಿರುವಾಗ, ಸಸಿಮಡಿಯ ಕಾಲದಲ್ಲಿ, ಹಾಗೂ ನಾಟಿಯಿಂದ ತೆಂಡೆ ಒಡೆಯುವವರೆಗೆ ಹಿಡಿದರೆ ಫಲ ಹೆಚ್ಚು. ಆಗ ಹಿಡಿದ ಒಂದು ಹೆಣ್ಣು ಇಲಿ, ಹೊಡೆಯ ಕಾಲಕ್ಕೆ ಹುಟ್ಟಬಹುದಾಗಿದ್ದ ಒಂದು ಸಂಸಾರಕ್ಕೇ ಸಮ.

ಬೋನು ಇಡುವ ನೆಲ

ಮೆತ್ತನೆಯ ನೆಲದಲ್ಲಿ ಇಟ್ಟ ಬೋನು ಅಲುಗಾಡುತ್ತದೆ. ಇಲಿಯು ಕಾಲಡಿ ಅಲುಗುವ ವಸ್ತುವಿಗೆ ಅಂಜಿ ಹಿಂದೆ ಸರಿಯುತ್ತದೆ. ಇನ್ನೊಂದು ತೊಂದರೆ ಎಂದರೆ ಬೋನಿನ ತಟ್ಟೆಯಡಿಗೆ ಕೆಸರು ಸೇರಿ ಒತ್ತುಕಡ್ಡಿ ಕೆಳಗಿಳಿಯದೆ ನಿಂತುಬಿಡುತ್ತದೆ. ಇಲಿ ತಿಂಡಿ ತಿಂದು ಹೋದರೂ ಬಾಗಿಲು ಬೀಳುವುದಿಲ್ಲ. ಇವೆರಡಕ್ಕೂ ಪರಿಹಾರ ಸುಲಭವಾಗಿದೆ.

ಇಲಿಯ ದಾರಿಯಲ್ಲಿ ಬೋನಿಗಿಂತ ತುಸು ಅಗಲವಾದ ಜಾಗವನ್ನು ಸಮಮಾಡಿ, ಹಂಚಿನ ಚೂರು, ಚಪ್ಪಟೆ ಕಲ್ಲು ಅಥವಾ ಹಲಗೆಯ ತುಂಡನ್ನು ಒತ್ತಿ ಕೂರಿಸಬೇಕು. ಅದರ ಮೇಲೆ ಬೋನಿಟ್ಟು, ಕೈಯಿಂದ ಒತ್ತಿ ಅಲುಗದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಬೋನಿನ ಬಾಯಿ ದಾರಿಗೆ ಎದುರಾಗಿ, ನೆಲಕ್ಕೆ ಸಮನಾಗಿರಲಿ. ಮೆಟ್ಟಿಲಿನಂತೆ ಎತ್ತರವಾದರೆ ಇಲಿ ಬದಿಯಿಂದ ಹಾದುಹೋಗುತ್ತದೆ. ಒಳಗಿನ ತಳಕ್ಕೆ ಒಂದಿಷ್ಟು ಒಣ ಹುಲ್ಲು ಉದುರಿಸಬಹುದು. ಆದರೆ ತಟ್ಟೆಯ ಅಡಿಗೆ ಹುಲ್ಲು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಮೇಲೆ ಬಾಳೆಪಟ್ಟೆ ಅಥವಾ ಅಡಿಕೆ ಹಾಳೆ ಮುಚ್ಚಿದರೆ ಮಳೆಯ ಹನಿ ತಿಂಡಿಗೆ ತಾಗದು. ಕಾಲುವೆಯ ಬದಿಯಲ್ಲಿ ಇಡುವಾಗ ರಾತ್ರಿ ನೀರು ಬಿಟ್ಟರೆ ಎಲ್ಲಿಯವರೆಗೆ ಏರುತ್ತದೆಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಬೋನನ್ನು ಗೂಟಕ್ಕೆ ಕಟ್ಟುವುದು ಒಳ್ಳೆಯದು.

ತಿಂಡಿಯಾಗಿ ಸುಟ್ಟ ಕೊಬ್ಬರಿ, ಹುರಿದ ಶೇಂಗಾ, ಒಣಮೀನು ಇವು ತಕ್ಕವು. ಇವುಗಳ ವಾಸನೆ ತೇವದಲ್ಲಿಯೂ ನಿಲ್ಲುತ್ತದೆ. ಬರಿಯ ಅಕ್ಕಿ, ಅವಲಕ್ಕಿ ಇಟ್ಟರೆ ನೆನೆದು ಬೂಷ್ಟು ಹಿಡಿಯುತ್ತವೆ. ಸ್ವಲ್ಪ ಎಣ್ಣೆ ಸವರಿದರೆ ಒಂದು ರಾತ್ರಿ ತಡೆಯುತ್ತವೆ. ಇಲಿ ಹೊಸ ವಸ್ತುವಿಗೆ ಹೆದರುವ ಪ್ರಾಣಿ. ಆದುದರಿಂದ ಮೊದಲ ಎರಡು ಮೂರು ರಾತ್ರಿ ಬಾಗಿಲನ್ನು ಬಿಗಿಯದೆ ಬರಿದೆ ತಿಂಡಿ ಇಟ್ಟು ರೂಢಿ ಮಾಡಿಸಿ, ಅನಂತರ ಬಿಗಿಯಬೇಕು. ನಾಲ್ಕನೆಯ ರಾತ್ರಿ ಬೀಳಬೇಕಾದ ಇಲಿಗಾಗಿ ಮೂರೇ ರಾತ್ರಿ ಕಾದು ಬೋನೆತ್ತುವುದು ಸಾಮಾನ್ಯ ತಪ್ಪು.

ಬಿಲ್ಲುಬೋನು ಮತ್ತು ಮಡಕೆ

ತಮಿಳುನಾಡಿನ ಕಾವೇರಿ ಮುಖಜ ಪ್ರದೇಶದಲ್ಲಿ ಬಳಕೆಯಲ್ಲಿರುವ ತಂಜಾವೂರು ಬಿಲ್ಲುಬೋನು ಕೆಸರು ಗದ್ದೆಗೆಂದೇ ಬೆಳೆದುಬಂದ ಸಾಧನ. ಬಾಗಿಸಿದ ಬಿದಿರಿನ ಸೆಳೆತವೇ ಇದರ ಶಕ್ತಿ. ಇಲಿ ತಿಂಡಿಗೆ ಬಾಯಿಟ್ಟೊಡನೆ ಬಿಲ್ಲು ಸಡಿಲಿ ಅದನ್ನು ಬಿಗಿದು ಕೊಲ್ಲುತ್ತದೆ. ಬಿದಿರಿನದಾದುದರಿಂದ ತುಕ್ಕು ಹಿಡಿಯುವುದಿಲ್ಲ, ಹಗುರ, ಬೆಲೆಯೂ ಕಡಿಮೆ. ಬಿದಿರಿನ ಕೆಲಸ ಬಲ್ಲವರು ಹಳ್ಳಿಯಲ್ಲೇ ಮಾಡಿಕೊಡಬಹುದು.

ಇನ್ನೊಂದು ಅಗ್ಗದ ಉಪಾಯ ಮಡಕೆ. ನುಣುಪಾದ ಒಳಮೈಯ, ಆಳವಾದ ಮಡಕೆಯನ್ನು ಬಾಯಿ ನೆಲಕ್ಕೆ ಸಮನಾಗುವಂತೆ ಬದುವಿನ ಬದಿಯಲ್ಲಿ ಹೂಳಬೇಕು. ನೀರು ಒಸರುವ ನೆಲದಲ್ಲಿ ಬರಿದಾದ ಮಡಕೆ ತೇಲಿ ಮೇಲೇಳುತ್ತದೆ. ಮೂರನೆಯ ಒಂದು ಭಾಗ ನೀರು ತುಂಬಿ ಸುತ್ತ ಮಣ್ಣು ಬಡಿದರೆ ನಿಲ್ಲುತ್ತದೆ. ಕಪ್ಪೆಗಳೂ ಇದರಲ್ಲಿ ಬೀಳುವ ಸಂಭವವಿರುವುದರಿಂದ ಪ್ರತಿದಿನ ನಸುಕಿನಲ್ಲೇ ನೋಡಿ, ಹಗಲು ಮುಚ್ಚಿಡಬೇಕು. ಪಂಜರದ ಬೋನಿನಲ್ಲಿ ಮುಂಗುಸಿ, ಕೇರೆಹಾವು ಅಥವಾ ನೀರುಕೋಳಿ ಸಿಕ್ಕಿದರೆ ಒಡನೆ ಬಿಟ್ಟುಬಿಡತಕ್ಕದ್ದು. ಮುಂಗುಸಿ, ಕೇರೆಗಳು ಕೂಲಿ ಕೇಳದೆ ಇಲಿ ಹಿಡಿಯುವ ಆಳುಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಅವುಗಳಿಗಿದೆ.

ಒಬ್ಬರಿಂದ ಆಗದು

ಒಂದು ಗದ್ದೆಯ ಇಲಿಗಳನ್ನು ಹಿಡಿದರೆ ಕೆಲವೇ ದಿನಗಳಲ್ಲಿ ನೆರೆಯ ಗದ್ದೆಯವು ಆ ಬಿಲಗಳಿಗೆ ಬಂದು ಸೇರುತ್ತವೆ. ಆದುದರಿಂದ ಒಂದೇ ಕಾಲುವೆಯ ನೀರು ಕುಡಿಯುವ ಗದ್ದೆಗಳವರು ಒಂದೇ ವಾರದಲ್ಲಿ ಬೋನಿಡಬೇಕು. ಬದುಗಳನ್ನು ಕಿರಿದಾಗಿ, ಕಡಿಮೆ ಎತ್ತರಕ್ಕೆ ಕಟ್ಟಿ, ಹುಲ್ಲು ಸವರಿ ಇಟ್ಟರೆ ಬಿಲಕ್ಕೆ ಎಡೆಯೇ ಸಿಗದು. ನಾಟಿಯನ್ನು ಎಲ್ಲರೂ ಆದಷ್ಟು ಒಟ್ಟಿಗೆ ಮಾಡಿದಲ್ಲಿ ಇಲಿಗಳಿಗೆ ತೆನೆ ದೊರೆಯುವ ಅವಧಿ ಮೊಟಕಾಗುತ್ತದೆ.

ಇಂಡೋನೇಷ್ಯಾ, ವಿಯೆಟ್ನಾಂ ಮುಂತಾದ ದೇಶಗಳಲ್ಲಿ ಇಲಿಯ ಹಾವಳಿ ತೀವ್ರವಾಗಿರುವ ಕಡೆ ಬೇಲಿ-ಬೋನು ಪದ್ಧತಿಯನ್ನು ಅನುಸರಿಸಲಾಗಿದೆ. ಸುಮಾರು 20ರಿಂದ 25 ಮೀಟರ್ ಉದ್ದಗಲದ ಒಂದು ಮಡಿಯನ್ನು ಸುತ್ತಲಿನ ಗದ್ದೆಗಳಿಗಿಂತ 2–3 ವಾರ ಮೊದಲೇ ನಾಟಿ ಮಾಡಿ, ಸುತ್ತ ಪ್ಲಾಸ್ಟಿಕ್ ಹಾಳೆಯ ಬೇಲಿ ಕಟ್ಟುತ್ತಾರೆ. ಬೇಲಿಯ ಬುಡದಲ್ಲಿ ನೀರು ನಿಲ್ಲಿಸುವುದರಿಂದ ಇಲಿ ಅಡಿಯಿಂದ ಕೊರೆಯಲಾರದು. ಅಲ್ಲಲ್ಲಿ ಬೇಲಿಗೆ ತೂತು ಮಾಡಿ, ಹೊರಗೆ ಮಣ್ಣಿನ ಸಣ್ಣ ದಿಬ್ಬ, ಒಳಗೆ ಬೋನು ಇಟ್ಟಿರುತ್ತಾರೆ. ಮುಂಚೆ ಬೆಳೆದ ಪೈರಿನ ಆಸೆಗೆ ಬಂದ ಇಲಿ ದಿಬ್ಬವೇರಿ ನೇರ ಬೋನಿಗೆ ಹೋಗುತ್ತದೆ. ಇದರಿಂದ ಸುತ್ತ ಸುಮಾರು 200 ಮೀಟರ್‌ವರೆಗಿನ ಗದ್ದೆಗಳಿಗೂ ರಕ್ಷಣೆ ದೊರೆಯುತ್ತದೆ. ಖರ್ಚನ್ನು ಹಲವರು ಹಂಚಿಕೊಂಡಾಗ ಮತ್ತು ಹಾವಳಿ ಹೆಚ್ಚಾಗಿದ್ದಾಗ ಮಾತ್ರ ಇದು ಲಾಭದಾಯಕ.

ವಿಷ ಮತ್ತು ವಿದ್ಯುತ್ತಿನ ಅಪಾಯ

ಜಿಂಕ್ ಫಾಸ್ಫೈಡ್ ಬೆರೆಸಿದ ತಿಂಡಿಯು ತೇವದಲ್ಲಿ ಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ. ಅರೆಬರೆ ತಿಂದು ಬದುಕಿದ ಇಲಿ ಮತ್ತೆ ಆ ತಿಂಡಿಯನ್ನು ಮುಟ್ಟುವುದಿಲ್ಲ. ಮಳೆಗೆ ಕೊಚ್ಚಿಹೋದ ವಿಷವು ದನಕರು ಕುಡಿಯುವ ನೀರಿಗೆ ಸೇರುವ ಭಯವೂ ಇದೆ. ವಿಷ ಅನಿವಾರ್ಯವಾದಲ್ಲಿ ಕೃಷಿ ಅಧಿಕಾರಿಗಳ ಸಲಹೆಯಂತೆ, ಬಿಲದೊಳಗೆ ಮಾತ್ರ, ಇಡಬೇಕು.

ಗದ್ದೆಯ ಸುತ್ತ ವಿದ್ಯುತ್ ತಂತಿ ಎಳೆಯುವುದನ್ನಂತೂ ಯಾರೂ ಮಾಡಕೂಡದು. ಅದು ಅಪರಾಧ. ಒದ್ದೆ ನೆಲದಲ್ಲಿ, ಬರಿಗಾಲಿನಲ್ಲಿ, ರಾತ್ರಿ ನೀರು ತಿರುಗಿಸಲು ಬಂದ ಮನೆಯವರನ್ನೇ ಅದು ಬಲಿ ತೆಗೆದುಕೊಳ್ಳಬಲ್ಲದು.

ಇಲಿಜ್ವರದ ಬಗ್ಗೆ ಎಚ್ಚರ

ಇಲಿಯ ಮೂತ್ರದ ಮೂಲಕ ಹರಡುವ ರೋಗಾಣುಗಳು ಒಣ ನೆಲದಲ್ಲಿ ಬೇಗ ಸಾಯುತ್ತವೆ. ನೀರಿನಲ್ಲಿ, ಕೆಸರಿನಲ್ಲಿ ಬಹುಕಾಲ ಬದುಕುತ್ತವೆ. ಕಾಲಿನ ಒಡಕು, ಕೈಯ ಗಾಯ, ಕಣ್ಣು ಮೂಗುಗಳ ಮೂಲಕ ಅವು ಶರೀರವನ್ನು ಸೇರುತ್ತವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದಲ್ಲಿ ಈ ಜ್ವರ ಕಾಣಿಸಿಕೊಳ್ಳುವುದುಂಟು. ಬೋನಿನ ಕೆಲಸ ಮಾಡುವವರು ಇಲಿಗೂ ಕೆಸರಿಗೂ ಅತಿ ಸಮೀಪವಿರುವುದರಿಂದ ಈ ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸಬೇಕು.

1. ರಬ್ಬರ್ ಕೈಗವಸು, ಗಂಬೂಟು ಧರಿಸಬೇಕು. ಗಾಯವಿದ್ದರೆ ನೀರು ತಾಗದಂತೆ ಕಟ್ಟಿಕೊಳ್ಳಬೇಕು. ದೊಡ್ಡ ಗಾಯವಿದ್ದವರು ಆ ಕೆಲಸಕ್ಕೆ ಇಳಿಯಬಾರದು.

2. ಇಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಬೋನನ್ನು ಕಾಲುವೆಯಲ್ಲಿ ಮುಳುಗಿಸಿ ಕೊಲ್ಲುವ ರೂಢಿ ಸರಿಯಲ್ಲ. ಇಲಿ ನರಳಿ ಸಾಯುತ್ತದೆ, ನೀರೂ ಕೆಡುತ್ತದೆ. ದಪ್ಪ ಗೋಣಿಚೀಲಕ್ಕೆ ಇಳಿಸಿ ತಲೆಗೆ ಒಂದೇ ಬಲವಾದ ಪೆಟ್ಟು ಕೊಡುವುದು ಲೇಸು.

3. ಸತ್ತ ಇಲಿಗಳನ್ನು ಬಾವಿ, ಕಾಲುವೆಗಳಿಂದ ದೂರದಲ್ಲಿ ಎರಡು ಅಡಿ ಆಳಕ್ಕೆ ಹೂಳಬೇಕು.

4. ಬೋನನ್ನು ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಕೈಕಾಲುಗಳನ್ನು ಸೋಪಿನಿಂದ ತೊಳೆಯಬೇಕು.

5. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ತೀವ್ರ ತಲೆನೋವು, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡಲ್ಲಿ ಒಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಗದ್ದೆಯಲ್ಲಿ ಇಲಿ ಹಿಡಿದ ವಿಷಯವನ್ನು ವೈದ್ಯರಿಗೆ ಹೇಳಬೇಕು. ಆರಂಭದಲ್ಲಿ ಸಾಮಾನ್ಯ ಔಷಧಿಗಳಿಂದಲೇ ಗುಣವಾಗುವ ಈ ರೋಗ, ತಡವಾದರೆ ಕಾಮಾಲೆಗೆ ತಿರುಗಿ ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣಕ್ಕೇ ಎರವಾಗುತ್ತದೆ. ಸಾಮಾನ್ಯ ಜ್ವರವೆಂದು ಮನೆಯಲ್ಲಿ ಮಲಗಿ ಕಾಯುವುದು ಸಲ್ಲದು.

ಗುರುತು ನೋಡಿ ಜಾಗ ಆರಿಸುವುದು, ಗಟ್ಟಿ ನೆಲ ಮಾಡಿ ಬೋನು ಕೂರಿಸುವುದು, ನೆರೆಯವರೊಡನೆ ಸಕಾಲದಲ್ಲಿ ಆರಂಭಿಸುವುದು ಇವುಗಳಿಗೆ ಹೆಚ್ಚಿನ ಹಣವೇನೂ ಬೇಕಿಲ್ಲ. ಈ ಬಾರಿ ಸಸಿಮಡಿಗೆ ಬೀಜ ಚೆಲ್ಲುವ ದಿನವೇ ಅಟ್ಟದ ಮೇಲಿನ ಬೋನನ್ನು ಇಳಿಸಿ, ತುಕ್ಕು ಉಜ್ಜಿ, ಎಣ್ಣೆ ಹಾಕಿಟ್ಟುಕೊಂಡಲ್ಲಿ ಬೆಳೆದ ತೆನೆ ಇಲಿಯ ಬಿಲಕ್ಕೆ ಹೋಗದೆ ರೈತನ ಕಣಕ್ಕೆ ಬರುತ್ತದೆ.