ನಿಮಗಿದು ಗೊತ್ತೇ? ಗಡಿ ದಾಟಿದರೆ ಬಾಣಂತಿಯ ಲೆಕ್ಕವೂ ಬದಲು

ಬಾಗಲಕೋಟೆ ಜಿಲ್ಲೆಯ ನಮ್ಮ ಸಮೀರವಾಡಿಯ ಕಬ್ಬಿನ ಹೊಲಗಳಿಂದ ಮಹಾರಾಷ್ಟ್ರದ ಗಡಿ ದೂರವಲ್ಲ. ಬೀಗತನ, ವ್ಯಾಪಾರ, ಆಸ್ಪತ್ರೆ ಎಲ್ಲವೂ ಎರಡೂ ಕಡೆ ಹರಡಿವೆ. ಹೆರಿಗೆಯ ಸುರಕ್ಷತೆ ಮಾತ್ರ ಸೀಮೆಯಿಂದ ಸೀಮೆಗೆ ಬೇರೆ. ತಾಯಿ ಇದ್ದಲ್ಲಿಗೆ ಆರೈಕೆ ನಡೆದು ಬಂದಾಗ ಈ ಅಂತರ ಕಿರಿದಾಗುತ್ತದೆ. ಅದಕ್ಕೆ ಸಾಕ್ಷಿ ನಮ್ಮ ಸುತ್ತಮುತ್ತಲೇ ಇದೆ.

● 2018–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು. ಮಹಾರಾಷ್ಟ್ರದಲ್ಲಿ 33, ಕೇರಳದಲ್ಲಿ 19, ಅಸ್ಸಾಂನಲ್ಲಿ 195. ದೇಶದ ಸರಾಸರಿ 97.

● ಇದೇ ಕರ್ನಾಟಕದಲ್ಲಿ 2001–03ರಲ್ಲಿ ಆ ಸಂಖ್ಯೆ 228 ಇತ್ತು. ಎರಡು ದಶಕದೊಳಗೆ ಮೂರನೇ ಒಂದಕ್ಕಿಂತ ಕೆಳಗಿಳಿಯಿತು. ಆದರೂ ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು.

● ಈ ಸಮೀಕ್ಷೆ ತಾಯಿ ಮರಣದ ಜಿಲ್ಲಾವಾರು ಲೆಕ್ಕ ಕೊಡುವುದಿಲ್ಲ. ರಾಜ್ಯದ ಸರಾಸರಿಯೊಳಗೆ ಮಂಗಳೂರೂ ಇದೆ, ಮುಧೋಳವೂ ಇದೆ. ಹೀಗಾಗಿ ಪ್ರತಿ ತಾಯಿಯ ಸಾವಿನ ಕಾರಣವನ್ನು ಜಿಲ್ಲಾ ಮಟ್ಟದಲ್ಲಿ ಪರಿಶೀಲಿಸುವ ಸಭೆ ಬಹಳ ಮುಖ್ಯ. ಎಲ್ಲಿ ತಡವಾಯಿತು ಎಂಬುದು ತಿಳಿಯುವುದು ಅಲ್ಲಿಯೇ.

● ತಡವಾಗುವುದು ಮೂರು ಕಡೆ: ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ತೀರ್ಮಾನಿಸುವಾಗ, ದಾರಿಯಲ್ಲಿ, ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಶುರುವಾಗುವಾಗ. 1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು ಕೊಟ್ಟ ಈ ‘ಮೂರು ವಿಳಂಬ’ಗಳ ವಿವರಣೆ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ.

● ಹೆರಿಗೆಯ ನಂತರ ವಿಪರೀತ ರಕ್ತ ಹೋದರೆ, ಚಿಕಿತ್ಸೆ ಸಿಗದಿದ್ದರೆ, ಆರೋಗ್ಯವಂತ ಹೆಂಗಸೂ ಎರಡು ಗಂಟೆಯೊಳಗೆ ಜೀವ ಬಿಡಬಹುದು. ದೊಡ್ಡ ಕಾಯಿಲೆಗೆ ಗಡಿಯಾಚೆಯ ಮಿರಜ ದಾರಿ ಹಿಡಿಯುವುದು ಈ ಭಾಗದ ಹಳೆಯ ರೂಢಿ. ರಕ್ತಸ್ರಾವ ಅಷ್ಟು ಹೊತ್ತು ಕಾಯುವುದಿಲ್ಲ.

● ಆ ರಕ್ತಸ್ರಾವ ತಡೆಯುವ ದಾರಿಯೊಂದನ್ನು ಜಗತ್ತಿಗೆ ತೋರಿಸಿದ್ದು ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳು. ಹೆರಿಗೆಯಲ್ಲಿ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು. ಮಿಸೊಪ್ರೊಸ್ಟಾಲ್ ಗುಳಿಗೆಗೆ ಫ್ರಿಜ್ ಬೇಡ, ಸೂಜಿ ಬೇಡ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ 2002ರಿಂದ 2005ರವರೆಗೆ 1,620 ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿದರು. ಗುಳಿಗೆ ಕೊಟ್ಟವರು ಹಳ್ಳಿಯ ಸಹಾಯಕ ದಾದಿಯರು, ಎಂದರೆ ಜನ ‘ಸಿಸ್ಟರ್’ ಎಂದು ಕರೆಯುವವರು. ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕಾಗಿ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

● ಎಷ್ಟು ರಕ್ತ ಹೋಯಿತೆಂದು ಕಣ್ಣಳತೆಯಲ್ಲಿ ಹೇಳಿದರೆ ಮೂರನೇ ಒಂದು ಪಾಲು ಕಡಿಮೆಯೇ ಅಂದಾಜಾಗುತ್ತದೆ. ಇದನ್ನು ತೋರಿಸಿದ್ದೂ ಬೆಳಗಾವಿಯ ಅಧ್ಯಯನವೇ. ಅಲ್ಲಿ ಬಳಸಿದ್ದು ಬಾಣಂತಿಯ ಅಡಿ ಹಾಸುವ, ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಚೀಲ. ಇಂಥದೇ ಅಳತೆಯ ಚೀಲವನ್ನು ಆಧರಿಸಿ ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದ ಪ್ರಯೋಗವೊಂದು ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳನ್ನು ಶೇ 60ರಷ್ಟು ತಗ್ಗಿಸಿತು. ಅದರ ಫಲಿತಾಂಶ ಹೊರಬಂದದ್ದು 2023ರಲ್ಲಿ.

● ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ‘ಮಾತೃಪೂರ್ಣ’ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾಯಿತು. ಅದಕ್ಕೂ ಮೊದಲು ಪ್ರಾಯೋಗಿಕವಾಗಿ ಊಟ ಬಡಿಸಿದ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಜಮಖಂಡಿಯೂ ಒಂದು. ಉಳಿದವು ಮಾನ್ವಿ, ಮಧುಗಿರಿ ಮತ್ತು ಎಚ್.ಡಿ. ಕೋಟೆ. ಇಲ್ಲಿ ಮನೆಗಳು ಒತ್ತಾಗಿದ್ದು ಅಂಗನವಾಡಿ ಹತ್ತಿರ. ಮಲೆನಾಡಿನ ಒಂಟಿ ಮನೆಯ ಬಸುರಿಗೆ ದಿನವೂ ನಡೆದು ಬರುವುದು ಕಷ್ಟವಾಯಿತು. ಒಂದೇ ಯೋಜನೆ ಎಲ್ಲ ನೆಲಕ್ಕೂ ಒಗ್ಗುವುದಿಲ್ಲ.

● 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಅದೇ ಸಮೀಕ್ಷೆ ಹೇಳುವಂತೆ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಆಸ್ಪತ್ರೆಯ ಬಾಗಿಲವರೆಗೆ ತಾಯಿಯನ್ನು ತಂದೆವು. ಅವಳ ತಾಟಿನಲ್ಲಿ ಸೊಪ್ಪು, ಕಾಳು, ಮೊಟ್ಟೆ ಇನ್ನೂ ಸಾಲದು.

● ಸಿಸೇರಿಯನ್‌ನಲ್ಲಿ ಅಂತರ ಇನ್ನೂ ವಿಪರೀತ. ಅದೇ ಸಮೀಕ್ಷೆಯಲ್ಲಿ ತೆಲಂಗಾಣದಲ್ಲಿ ಶೇ 60.7, ಕರ್ನಾಟಕದಲ್ಲಿ ಶೇ 31.5, ನಾಗಾಲ್ಯಾಂಡ್‌ನಲ್ಲಿ ಶೇ 5.2. ಶೇ 10ರ ಮೇಲೆ ಹೋದರೆ ತಾಯಿ-ಶಿಶು ಮರಣ ಮತ್ತಷ್ಟು ತಗ್ಗುವುದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಲವೆಡೆ ಬೇಕಾದವರಿಗೂ ಶಸ್ತ್ರಚಿಕಿತ್ಸೆ ಸಿಗದು, ಕೆಲವೆಡೆ ಬೇಡದವರಿಗೂ ತಪ್ಪದು.

● 2005ರಲ್ಲಿ ಶುರುವಾದ ‘ಜನನಿ ಸುರಕ್ಷಾ’ ಯೋಜನೆ ರಾಜ್ಯಗಳನ್ನೇ ಎರಡು ಗುಂಪು ಮಾಡಿತು. ಆಸ್ಪತ್ರೆ ಹೆರಿಗೆ ಕಡಿಮೆಯಿದ್ದ ರಾಜ್ಯಗಳ ಹಳ್ಳಿಯ ತಾಯಿಗೆ 1,400 ರೂಪಾಯಿ, ಕರ್ನಾಟಕದಂಥ ರಾಜ್ಯದ ಹಳ್ಳಿಯ ಬಡ ತಾಯಿಗೆ 700. ಇಡೀ ಕರ್ನಾಟಕ ಒಂದೇ ಎಂದು ಎಣಿಸಿದಾಗ ಅದರೊಳಗಿನ ಹಿಂದುಳಿದ ಜಿಲ್ಲೆಗಳು ಕಾಣದಾದವು.

● ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ರೂಢಿ. ಹೆಸರು ಬರೆಸಿದ್ದು ಗಂಡನ ಊರಲ್ಲಿ, ಕುಬುಸ ಮುಗಿಸಿ ಹೋಗಿದ್ದು ತವರಿಗೆ. ‘ತಾಯಿ ಕಾರ್ಡ್’ ಜೊತೆಗಿದ್ದರೆ ರಕ್ತದ ಗುಂಪು, ಬಿ.ಪಿ., ಹಾಕಿಸಿಕೊಂಡ ಚುಚ್ಚುಮದ್ದು ಎಲ್ಲವೂ ಹೊಸ ಊರಿನ ವೈದ್ಯರಿಗೆ ಒಂದು ನೋಟದಲ್ಲಿ ತಿಳಿಯುತ್ತದೆ. ತವರಿಗೆ ಹೊರಡುವಾಗ ಸೀರೆಗಿಂತ ಮೊದಲು ಚೀಲಕ್ಕೆ ಸೇರಬೇಕಾದದ್ದು ಅದು.

● ಕಬ್ಬಿನ ಹಂಗಾಮಿಗೆ ಊರೂರು ಅಲೆಯುವ ಕಟಾವಿನ ಗ್ಯಾಂಗುಗಳಲ್ಲಿ ಬಸುರಿಯರೂ, ಹಸುಗೂಸಿನ ತಾಯಂದಿರೂ ಇರುತ್ತಾರೆ. ಕಟಾವಿಗೆ ಹೆಸರಾದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರ ಸಮೀಕ್ಷೆ ಮಾಡಿಸಿತು. ಸುಮಾರು 82 ಸಾವಿರ ಕಟಾವಿನ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆದುಹಾಕಲಾಗಿತ್ತು. ರಜೆ ಮಾಡಿದರೆ ಕೂಲಿ ಹೋಗುವ ಬದುಕಿನಲ್ಲಿ ಹೆಣ್ಣಿನ ಒಡಲು ತೆತ್ತ ಬೆಲೆ ಇದು.

● ಹೆರಿಗೆ ಆಸ್ಪತ್ರೆಯಲ್ಲಾದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರಬೇಕು: 3, 7, 14, 21, 28 ಮತ್ತು 42ನೆಯ ದಿನ. ಈ ಪದ್ಧತಿಯ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ನವಜಾತ ಶಿಶುಗಳ ಸಾವನ್ನು ಶೇ 62ರಷ್ಟು ಇಳಿಸಿದರು. ಅದು ಪ್ರಕಟವಾದದ್ದು 1999ರಲ್ಲಿ.

● ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಅಪ್ಪಿಸಿಡುವ ‘ಕಾಂಗರೂ ಆರೈಕೆ’ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಆರಂಭವಾಯಿತು. ಅದನ್ನು ಇಡೀ ಜಿಲ್ಲೆಗೆ ಹೇಗೆ ಹಬ್ಬಿಸಬಹುದೆಂದು ಕಲಿತ ತಾಣಗಳಲ್ಲಿ ನಮ್ಮ ಕೊಪ್ಪಳವೂ ಸೇರಿದೆ. ಅಪ್ಪ, ಅಜ್ಜಿ ಕೂಡ ಹೀಗೆ ಅಪ್ಪಿಕೊಳ್ಳಬಹುದು.

● ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರಬೇಡಿ. ವರ್ಷ ತುಂಬದ ಮಗುವಿಗೆ ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಮೊದಲ ಗಂಟೆಯೊಳಗಿನ ಮೊಲೆಹಾಲೇ ಮೊದಲ ಲಸಿಕೆ.

● ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತುರ್ತು ಇದ್ದರೆ 108. ಈ ಸಲ 9ನೆಯ ತಾರೀಕು ನಿಮ್ಮ ಮನೆಯ ಬಸುರಿಯನ್ನು ಕರೆದೊಯ್ಯುವಾಗ ಹೊಲದಂಚಿನ ಗುಡಿಸಲಿನವಳನ್ನೂ ಗಾಡಿ ಹತ್ತಿಸಿಕೊಳ್ಳಿ. ಅವಳು ಯಾವ ರಾಜ್ಯದವಳಾದರೂ ತಪಾಸಣೆ ಅವಳ ಹಕ್ಕು.