ಹೆಪ್ಪು ಹಾಕಿದ ನೀರು

ಗಂಗಾವತಿಗೆ ಹೋದಾಗ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಗೋಲ್ಡ್‌ಫಿಶ್ ತಂದು, ಅದೇ ಸಂಜೆ ಹೊಸ ಗಾಜಿನ ತೊಟ್ಟಿಗೆ ಬಿಟ್ಟೆವು. ಐದನೇ ದಿನ ಬೆಳಿಗ್ಗೆ ಮೂರೂ ಅಂಗಾತ ತೇಲುತ್ತಿದ್ದವು. ನೀರು ಮಾತ್ರ ತಳ ಕಾಣುವಷ್ಟು ತಿಳಿಯಾಗಿತ್ತು. ಅಂದಿನಿಂದ ನಾನು ಮೀನಿಗಿಂತ ಮೊದಲು ನೀರನ್ನು ಸಾಕುವುದು ಕಲಿತೆ.

ಗೋಲ್ಡ್‌ಫಿಶ್ ಗೆಂಡೆ ಮೀನಿನ ಬಳಗದ್ದು. ಸಾವಿರ ವರ್ಷದ ಹಿಂದೆ ಚೀನಾದ ಕೊಳಗಳಲ್ಲಿ ಪಳಗಿದ ಜೀವ. ಇದಕ್ಕೆ ಜಠರವೇ ಇಲ್ಲ, ತಿಂದದ್ದು ಬೇಗ ಹೊರಬೀಳುತ್ತದೆ. ಕಿವಿರುಗಳಿಂದಲೂ ಅಮೋನಿಯಾ ಹೊರಬರುತ್ತದೆ. ಹಳೆಯ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡಿದರೆ, ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಕಣ್ಣಿಗೆ ಕಾಣದ ವಿಷ ತಿಳಿನೀರಿನಲ್ಲೇ ಕೂಡುತ್ತ ಹೋಗುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಈ ವಿಷ ಇನ್ನೂ ಜೋರು. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಈ ಗಡಸುತನ ಗೋಲ್ಡ್‌ಫಿಶ್‌ಗೆ ಒಗ್ಗುತ್ತದೆ. ಆದರೆ ಇಂಥ ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚಿರುತ್ತದೆ; ಅದು 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯಾದ ವಿಷ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಬಿಸಿಲೂ ಅದನ್ನು ಹೆಚ್ಚಿಸುತ್ತದೆ. ಹಾಗೆಂದು ಊರ ಶುದ್ಧ ನೀರಿನ ಘಟಕದ ಕ್ಯಾನ್ ತಂದು ಸುರಿಯುವುದು ಬೇಡ. ಖನಿಜವೆಲ್ಲ ಸೋಸಿ ಹೋದ ಆ ನೀರೊಂದರಲ್ಲೇ ಮೀನು ಬಾಳದು.

ಎರಡನೇ ಸಲ ಗೆಳೆಯನ ಹಳೆಯ ತೊಟ್ಟಿಯ ಫಿಲ್ಟರ್‌ನಿಂದ ಕಂದು ಬಣ್ಣಕ್ಕೆ ತಿರುಗಿದ, ಆ ಬ್ಯಾಕ್ಟೀರಿಯಾ ನೆಲೆಸಿದ ಸ್ಪಂಜಿನ ತುಂಡೊಂದನ್ನು ಒಣಗದಂತೆ ಅದೇ ನೀರಿನಲ್ಲಿ ಅದ್ದಿ ತಂದು ನಮ್ಮ ಫಿಲ್ಟರ್‌ಗೆ ಸೇರಿಸಿದೆ. ನೋಡುತ್ತಿದ್ದ ಅವ್ವ, "ಹಂಗಾರ ಇದು ಹೆಪ್ಪು ಹಾಕಿದಂಗ ಆತಲ್ಲ" ಅಂದಳು. ಇದಕ್ಕಿಂತ ಸರಿಯಾದ ಮಾತು ನನಗೆ ಎಲ್ಲೂ ಸಿಕ್ಕಿಲ್ಲ. ಮೂರನೇ ದಿನ ನೀರು ಮಜ್ಜಿಗೆಯಂತೆ ಮಬ್ಬಾಯಿತು. ಹೆಚ್ಚಿನವರು ಹೆದರಿ ಎಲ್ಲ ಚೆಲ್ಲಿ, ತೊಟ್ಟಿ ತಿಕ್ಕಿ ತೊಳೆಯುವುದು ಇಲ್ಲಿಯೇ. ಚೆಲ್ಲಿದರೆ ಮತ್ತೆ ಮೊದಲಿನಿಂದ ಶುರು. ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಬಾರದಲ್ಲ, ಹಾಗೇ ಬಿಟ್ಟೆವು. ಮಬ್ಬು ತಾನೇ ಇಳಿಯಿತು.

ಆಮೇಲೆ ಒಂದೇ ಮೀನು ತಂದೆವು. ಮೊದಲ ತಿಂಗಳು ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿದೆವು. ನಳದ ನೀರಿನ ಕ್ಲೋರಿನ್ ಹಾರಲೆಂದು ಬಕೆಟ್ಟನ್ನು ಒಂದು ದಿನ ತೆರೆದಿಡುತ್ತಿದ್ದೆವು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ನಳದ ಕೆಳಗೆ ಹಿಡಿದರೆ ಹೆಪ್ಪು ಸತ್ತಂತೆ. ಊಟ ಎರಡು ನಿಮಿಷದಲ್ಲಿ ಮುಗಿಯುವಷ್ಟೇ. ದುಂಡು ಗಾಜಿನ ಬಟ್ಟಲು ಬೇಡವೇ ಬೇಡ. ಎರಡು ಮೀನಿಗೆ 100 ಲೀಟರ್ ಆದರೂ ನೀರಿರಲಿ.

ಇನ್ನು ಕೊಪ್ಪಳದ ಬೇಸಿಗೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಕರೆಂಟ್ ಹೋಗಿ ಏರ್‌ಪಂಪ್ ನಿಂತ ರಾತ್ರಿ ನಾವು ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಗೇಣೆತ್ತರದಿಂದ ಸುರಿಯುತ್ತ ಕೂರುತ್ತೇವೆ. ಮೇಲೆ ಬಂದು ಬಾಯಿ ಕಳೆಯುತ್ತಿದ್ದ ಮೀನು ಸ್ವಲ್ಪ ಹೊತ್ತಿಗೆ ಮೆಲ್ಲಗೆ ತಳಕ್ಕಿಳಿದು ಮರಳು ಕೆದಕಲು ತೊಡಗುತ್ತದೆ.