ಗುಡ್ಡೆಯಿಂದ ಅಳಿವೆಗೆ

ಮಂಗಳೂರಿನ ಸಿಟಿ ಬಸ್ಸುಗಳ ಬೋರ್ಡು ಓದಿದರೆ ಸಾಕು, ಈ ಊರಿನ ನೆಲ ಹೇಗಿದೆ ಎಂದು ತಿಳಿಯುತ್ತದೆ. ಬಾವುಟಗುಡ್ಡೆ, ಮಣ್ಣಗುಡ್ಡೆ ಎಂದರೆ ಗುಡ್ಡೆ. ಕೊಡಿಯಾಲ್‌ಬೈಲ್ ಎಂದರೆ ಗುಡ್ಡೆಗಳ ನಡುವೆ ತಗ್ಗಿನಲ್ಲಿದ್ದ ಗದ್ದೆಬೈಲು. ಪದವಿನಂಗಡಿ ಎಂದರೆ ಮುರಕಲ್ಲಿನ ಬೋಳು ಪದವಿನ ಮೇಲೆ ಯಾವ ಕಾಲದಲ್ಲೋ ಒಬ್ಬರು ತೆರೆದ ಅಂಗಡಿ. ಕಂಡಕ್ಟರ್ 'ರೈಟ್ ಪೋಯಿ' ಅಂದ ಕೂಡಲೇ ಹಾರಿ ಓಡುವ ಬಸ್ಸಿನಲ್ಲಿ ಕುಳಿತವರಿಗೆ ಈ ಏರು ತಗ್ಗುಗಳು ಬರೇ ಹೆಸರುಗಳು. ನಡೆದವರಿಗೆ ಮಾತ್ರ ಅವು ಮೊಣಕಾಲಿನಲ್ಲಿ ಗೊತ್ತಾಗುತ್ತವೆ.

ನಾನು ಈ ಊರನ್ನು ಕಾಲ್ನಡಿಗೆಯಲ್ಲೇ ಕಲಿತವನು. ಬೇರೆ ಊರಿನ ಗೆಳೆಯರು ಬಂದು 'ಎರಡು ದಿನ ಇದ್ದೇವೆ, ಏನು ನೋಡೋಣ' ಎಂದು ಕೇಳಿದರೆ ನನ್ನ ಉತ್ತರ ಯಾವಾಗಲೂ ಒಂದೇ: ಕದ್ರಿ ಗುಡ್ಡೆಯಲ್ಲಿ ಹೊರಟು ಬೆಂಗ್ರೆಯ ಅಳಿವೆಯಲ್ಲಿ ನಿಲ್ಲಿ. ಮಾಲು, ಸಿನಿಮಾ ಎಲ್ಲ ಊರಿನಲ್ಲೂ ಉಂಟು. ಗುಡ್ಡೆ, ಬೈಲು, ಹೊಳೆ, ಮರಳು, ಕಡಲು ಇಷ್ಟೂ ಒಂದು ಬೆಳಗಿನ ನಡಿಗೆಯೊಳಗೆ ಸಿಗುವ ನಗರ ನಮ್ಮ ರಾಜ್ಯದಲ್ಲಿ ಇನ್ನೊಂದು ಇದ್ದರೆ ನಾನು ನೋಡಿಲ್ಲ.

ಇದಕ್ಕೆ ಕಾರಣ ಎರಡು ಹೊಳೆಗಳು. ನೇತ್ರಾವತಿ ಊರಿನ ದಕ್ಷಿಣದಲ್ಲಿ ಬಂದು ಸೇರುತ್ತದೆ. ಫಲ್ಗುಣಿ, ನಾವು ಗುರುಪುರ ಹೊಳೆ ಎನ್ನುವುದು, ಈಶಾನ್ಯದಿಂದ ಇಳಿದು ಕಡಲಿನ ಅಂಚಿನ ತನಕ ಬಂದು, ಅಲ್ಲಿ ಕಡಲಿಗೆ ಬೀಳದೆ ದಕ್ಷಿಣಕ್ಕೆ ತಿರುಗುತ್ತದೆ. ಕಡಲನ್ನು ಬಲಕ್ಕೆ ಇಟ್ಟುಕೊಂಡು ಕೆಲವು ಕಿಲೋಮೀಟರ್ ಅದರ ಜೊತೆಗೇ ಹರಿದು, ಕೊನೆಗೆ ಅಳಿವೆಯಲ್ಲಿ ನೇತ್ರಾವತಿಯನ್ನು ಸೇರಿ ಇಬ್ಬರೂ ಒಟ್ಟಿಗೆ ಕಡಲಿಗೆ ಹೋಗುತ್ತಾರೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳಿನ ಪಟ್ಟಿಯೇ ತಣ್ಣೀರುಬಾವಿ ಮತ್ತು ಬೆಂಗ್ರೆ.

ಕದ್ರಿಗೆ ಬೆಳಿಗ್ಗೆ ಆರಕ್ಕೇ ಹೋಗಬೇಕು. ಮಂಜುನಾಥ ದೇವಸ್ಥಾನದ ಹಿಂದಿನ ಮೆಟ್ಟಿಲು ಹತ್ತಿದರೆ ಗೋಮುಖದಿಂದ ಬೀಳುವ ನೀರು, ಅದರ ಕೆಳಗೆ ಕೆರೆಗಳು. ದೇವಸ್ಥಾನದೊಳಗಿನ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಶಾಸನ ಉಂಟು, ಕಾಲ ಕ್ರಿ.ಶ. 968. ಇತಿಹಾಸದವರು ಆ ಮೂರ್ತಿಯ ಮುಂದೆ ನಿಲ್ಲುತ್ತಾರೆ. ನಾನು ನೀರಿನ ಮುಂದೆ ನಿಲ್ಲುತ್ತೇನೆ. ಈ ನೀರು ಎಲ್ಲಿಂದ ಬರುತ್ತದೆ ಎನ್ನುವುದರಲ್ಲೇ ಇಡೀ ಮಂಗಳೂರಿನ ಕತೆ ಇದೆ. ಮುರಕಲ್ಲು, ಅಂದರೆ ನಮ್ಮ ಕೆಂಪುಕಲ್ಲು, ಹೊರಗಿನಿಂದ ಗಟ್ಟಿ, ಒಳಗೆಲ್ಲ ತೂತು. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಗುಡ್ಡೆಯ ತಲೆಯ ಮೇಲೆ ಬಿದ್ದದ್ದು ಆ ತೂತುಗಳಲ್ಲಿ ಇಳಿಯುತ್ತ ಹೋಗಿ, ಅಡಿಯ ಜೇಡಿಮಣ್ಣು ಸಿಕ್ಕಿದಲ್ಲಿ ಮುಂದೆ ದಾರಿಯಿಲ್ಲದೆ ಬುಡದಲ್ಲಿ ಒಸರುತ್ತದೆ. ಅಲ್ಲೇ ದೇವಸ್ಥಾನ, ಅಲ್ಲೇ ಕೆರೆ, ಅದರ ಕೆಳಗೇ ಗದ್ದೆ. ಆ ಜೇಡಿಯೂ ಹಾಳಾಗಲಿಲ್ಲ: 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಜೇಡಿ ಹೆಂಚಾಯಿತು, ಮಂಗಳೂರು ಹೆಂಚು ಎಂಬ ಹೆಸರಿನಲ್ಲಿ ಕಡಲು ದಾಟಿತು.

ಮೇಲೆ ಜೋಗಿ ಮಠದ ಹತ್ತಿರ, ಪಾಂಡವರ ಗುಹೆ ಎಂದು ಜನ ಕರೆಯುವ ಕೊರೆದ ಕಲ್ಲಿನ ಪಕ್ಕ ಕುಳಿತರೆ ಕೆಂಬೂತದ ಗೂ-ಗೂ ಸ್ವರ ಮೊದಲು ಕೇಳುತ್ತದೆ, ಹೆದ್ದಾರಿಯ ಹಾರನ್ನು ಆಮೇಲೆ.

ಅಲ್ಲಿಂದ ಬಿಜೈ, ಲೇಡಿಹಿಲ್, ಉರ್ವ, ಬೋಳೂರು. ಮುಖ್ಯ ರಸ್ತೆಯಲ್ಲಿ ನಡೆದರೆ ಹೊಗೆ ಕುಡಿದಂತೆ. ಓಣಿಗಳಲ್ಲಿ ನಡೆಯಬೇಕು. ಎರಡೂ ಬದಿ ಮುರಕಲ್ಲಿನ ಗೋಡೆ, ಮಳೆಗಾಲದಲ್ಲಿ ಅದರ ತುಂಬ ಹಸುರು ಪಾಚಿ, ಪಾಚಿಯಿಂದ ಹೊರಗೆ ಬೆರಳಷ್ಟುದ್ದದ ಜರಿಗಿಡ. ಹಳೆಯ ಮನೆಗಳ ಹಿತ್ತಿಲ ಮೂಲೆಯಲ್ಲಿ ಇನ್ನೂ ಅಲ್ಲಲ್ಲಿ ನಾಗಬನ ಉಳಿದಿದೆ. ನಾಲ್ಕಾರು ಸೆಂಟ್ಸ್ ಜಾಗ, ಕತ್ತಿ ತಾಗದ ಮರಗಳು, ಹಗ್ಗದಷ್ಟು ದಪ್ಪದ ಬಳ್ಳಿಗಳು. ಒಳಗಿನ ತಂಪು ರಸ್ತೆಗೂ ಬರುತ್ತದೆ. ಎಷ್ಟೋ ಕಡೆ ಮರ ಕಡಿದು ಕಾಂಕ್ರೀಟಿನ ಕಟ್ಟೆ, ಟೈಲ್ಸ್ ಹಾಕಿದ್ದಾರೆ. ಬನ ಹೋದ ಮೇಲೆ ಉಳಿಯುವುದು ಕಲ್ಲು ಮಾತ್ರ. ಇದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನಾನು ಹುಡುಗನಾಗಿದ್ದಾಗ ಶಾಲೆಗೆ ಇಳಿಯುತ್ತಿದ್ದ ಒಂದು ಕಾಲುದಾರಿ ಇತ್ತು. ಯಾರದೋ ಹಿತ್ತಿಲಿನ ಅಂಚಿನಲ್ಲಿ ಬಂದು, ಬೇಲಿಯಲ್ಲಿ ಒಂದು ತಡಮೆ ದಾಟಿ, ಕಟ್ಟಪುಣಿಯಲ್ಲಿ ನಡೆದು, ತೋಡಿಗೆ ಹಾಕಿದ ಅಡಿಕೆ ಮರದ ಕಾಲುಸಂಕದ ಮೇಲೆ ಆಚೆಗೆ ಹೋಗುವುದು. ತಡಮೆ ಎಂದರೆ ದನ ದಾಟದ ಹಾಗೆ, ಮನುಷ್ಯರು ದಾಟುವ ಹಾಗೆ ಬೇಲಿಯಲ್ಲಿ ಅಡ್ಡಕ್ಕೆ ಕಟ್ಟಿದ ಮೆಟ್ಟಿಲು. 'ನೆಲ ನನ್ನದು, ದಾರಿ ಎಲ್ಲರದು' ಎಂಬ ಒಪ್ಪಂದ ಅದರಲ್ಲಿ ಇತ್ತು. ಈಗ ಅಲ್ಲಿ ಆಳೆತ್ತರದ ಕಂಪೌಂಡು.

ಇಂಥದ್ದೇ ತಡಮೆ ಐರ್ಲೆಂಡಿನ ಹೊಲಗಳ ಬೇಲಿಯಲ್ಲಿ ಉಂಟು, ಅಲ್ಲಿ ಅದನ್ನು ಉಳಿಸಿಕೊಂಡಿದ್ದಾರೆ. ಆ ದೇಶದ ನಡಿಗೆದಾರಿಗಳ ಪಕ್ಕದಲ್ಲಿ ಕಂಬ ನೆಟ್ಟು, ಹಳದಿ ಬಣ್ಣದಲ್ಲಿ ನಡೆಯುತ್ತಿರುವ ಮನುಷ್ಯನ ಚಿತ್ರ ಮತ್ತು ಒಂದು ಬಾಣ ಬರೆದಿರುತ್ತಾರೆ, ಅಷ್ಟೆ. ಪಶ್ಚಿಮ ಕರಾವಳಿಯ ವೆಸ್ಟ್‌ಪೋರ್ಟ್ ಎಂಬ ಸಣ್ಣ ಊರಿನಿಂದ ಅಕಿಲ್ ದ್ವೀಪದ ಕಡೆಗೆ 1937ರಲ್ಲಿ ನಿಂತುಹೋದ ರೈಲುಮಾರ್ಗವಿತ್ತು. ಹಳಿ ಹೋದ ಆ ಜಾಡನ್ನೇ ನಲವತ್ತೆರಡು ಕಿಲೋಮೀಟರ್ ಉದ್ದದ ನಡಿಗೆ-ಸೈಕಲ್ ದಾರಿಯಾಗಿ ಮಾಡಿದರು. ಈಗ ಜನ ಅದಕ್ಕೆಂದೇ ಆ ಊರಿಗೆ ಹೋಗುತ್ತಾರೆ. ಕದ್ರಿಯಿಂದ ಬೋಳೂರಿಗೆ ಅಂಥ ಹತ್ತು ಕಂಬ ನೆಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ದಾರಿ ಇದ್ದಾಗಲೇ ನೆಡಬೇಕು.

ಬೋಳೂರಿನ ಕೊನೆಯಲ್ಲಿ ಸುಲ್ತಾನ್ ಬತ್ತೇರಿ. ಹೊಳೆಯಿಂದ ಒಳಗೆ ಬರುವ ಹಡಗುಗಳ ಮೇಲೆ ಕಣ್ಣಿಡಲು ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲುಗೋಪುರ. ಹತ್ತಿ ತೂತುಗಳಿಂದ ನೋಡಿ ಇಳಿಯಲು ಐದು ನಿಮಿಷ ಸಾಕು. ನಿಜವಾದ ಸುಖ ಅದರ ಪಕ್ಕದಲ್ಲಿ, ಫೆರಿ ದೋಣಿಯಲ್ಲಿ. ಮೀನಿನ ಬುಟ್ಟಿಯವರು, ಶಾಲೆಯ ಮಕ್ಕಳು, ಸೈಕಲ್ಲು ಎಲ್ಲ ಒಂದೇ ದೋಣಿಯಲ್ಲಿ. ನೆತ್ತಿಯ ಮೇಲೆ ಗರುಡ ಸುತ್ತುತ್ತಿರುತ್ತದೆ. ದಡದಲ್ಲಿ ಕಾಂಡ್ಲ ಗಿಡಗಳ ಬೇರು ಇಳಿತದ ಹೊತ್ತಿಗೆ ಪೂರ್ತಿ ಕಾಣುತ್ತದೆ. ಕೆಲವೇ ನಿಮಿಷದಲ್ಲಿ ಆಚೆ ದಡ.

ತಣ್ಣೀರುಬಾವಿಯಲ್ಲಿ ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಇದೆ, ಗಾಳಿಮರದ ತೋಪು ಇದೆ. ಸಂಜೆ ಕುಟುಂಬದವರೆಲ್ಲ ಚರುಮುರಿ ತಿನ್ನಲು ಬರುವುದು ಇಲ್ಲಿಗೇ. ಗದ್ದಲ ಬೇಕಾದವರು ಬಂದರಿನ ಉತ್ತರಕ್ಕಿರುವ ಪಣಂಬೂರಿಗೆ ಹೋಗಬಹುದು. ನಡೆಯುವವರು ತಣ್ಣೀರುಬಾವಿಯಿಂದ ದಕ್ಷಿಣಕ್ಕೆ ತಿರುಗಬೇಕು. ಅಳಿವೆಗೆ ಹತ್ತಿರ ಹತ್ತಿರ ಐದು ಕಿಲೋಮೀಟರ್. ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ನಡೆಯಿರಿ, ಒಣಮರಳಿನಲ್ಲಿ ಕಾಲು ಹೂತು ಸುಸ್ತಾಗುತ್ತದೆ.

ಈ ದಾರಿಯಲ್ಲಿ ಬಗ್ಗಿ ನೋಡಬೇಕಾದ ಒಂದು ವಸ್ತು ಇದೆ. ಇಳಿತದ ಹೊತ್ತಿಗೆ ಮರಳಿನ ಮೇಲೆ ಸಾಸಿವೆ, ಕೊತ್ತಂಬರಿ ಕಾಳಿನಷ್ಟು ಸಣ್ಣ ಮರಳುಂಡೆಗಳು, ಸಾವಿರಾರು, ಒಂದು ತೂತಿನ ಸುತ್ತ ಸೂರ್ಯನ ಕಿರಣದ ಹಾಗೆ ಸಾಲು ಹಿಡಿದು ಬಿದ್ದಿರುತ್ತವೆ. ಉಗುರಿನಷ್ಟು ಸಣ್ಣ ಡೆಂಜಿಯ, ಅಂದರೆ ಏಡಿಯ, ಕೆಲಸ ಅದು. ನೀರು ಇಳಿದ ಕೂಡಲೇ ಹೊರಗೆ ಬಂದು, ಮರಳನ್ನು ಬಾಯಿಗೆ ಹಾಕಿ, ಅದರಲ್ಲಿದ್ದ ಕಣ್ಣಿಗೆ ಕಾಣದ ಆಹಾರವನ್ನು ತೆಗೆದುಕೊಂಡು, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತ ಹೋಗುತ್ತದೆ. ನಿಮ್ಮ ನೆರಳು ಬಿದ್ದರೆ ಒಳಗೆ. ಕದಲದೆ ಎರಡು ನಿಮಿಷ ಕುಳಿತರೆ ಮತ್ತೆ ಹೊರಗೆ. ಉಬ್ಬರ ಬಂದಾಗ ಆ ರಂಗೋಲಿ ಪೂರ್ತಿ ಅಳಿಸಿಹೋಗುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಮೊದಲಿಂದ. ಮಕ್ಕಳನ್ನು ಕರೆದುಕೊಂಡು ಹೋದರೆ ಇದೊಂದನ್ನು ತೋರಿಸಿ.

ನವೆಂಬರಿನಿಂದ ಮಾರ್ಚಿನ ತನಕ ಅಳಿವೆಯ ಕಡೆ ಕಡಲಕ್ಕಿಗಳ ದೊಡ್ಡ ಗುಂಪುಗಳಿರುತ್ತವೆ. ಅವುಗಳಲ್ಲಿ ಕಂದುತಲೆಯ ಕಡಲಕ್ಕಿ ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿಮಾಡಿ ಬಂದದ್ದು. ಇನ್ನೊಬ್ಬ ಅತಿಥಿಯನ್ನು ನಾವು ಬಹಳ ಕಾಲ ಮರೆತೇ ಇದ್ದೆವು. 2024ರ ಆರಂಭದಲ್ಲಿ ತಣ್ಣೀರುಬಾವಿ, ಸಸಿಹಿತ್ಲು ಕಡೆಯ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಟ್ಟವು. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬೇಲಿ ಕಟ್ಟಿ ಕಾದರು, ಮರಿಗಳು ಕಡಲಿಗೆ ಇಳಿದವು. ಮರಳು ಬಿಸಿ ಆರದೆ, ನಾಯಿ ಅಗೆಯದೆ, ಗಾಡಿ ಹರಿಯದೆ ಒಂದೂವರೆ ಎರಡು ತಿಂಗಳು ಕಳೆಯಬೇಕು ಆ ಮೊಟ್ಟೆಗಳಿಗೆ. ಚಳಿಗಾಲದ ರಾತ್ರಿ ಇಲ್ಲಿ ಬೈಕು, ಜೀಪು ಓಡಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಬೆಂಗ್ರೆಯ ತುದಿಯಲ್ಲಿ ನೆಲ ಮುಗಿಯುತ್ತದೆ. ಎಡಕ್ಕೆ ಎರಡು ಹೊಳೆ, ಬಲಕ್ಕೆ ಕಡಲು, ಎದುರಿಗೆ ಉಳ್ಳಾಲ. ಮೀನುಗಾರಿಕಾ ಬೋಟುಗಳು ಸಾಲಾಗಿ ಹೊರಗೆ ಹೋಗುವುದನ್ನು ಇಷ್ಟು ಹತ್ತಿರದಿಂದ ಬೇರೆಲ್ಲೂ ನೋಡಲಾಗದು. ಹೊಳೆಯ ಬದಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರು ಸಿಗುತ್ತಾರೆ. ಕಾಲಿನಲ್ಲೇ ತಡವಿ, ಚಿಪ್ಪು ತಾಗಿದರೆ ಮುಳುಗಿ ತೆಗೆಯುವುದು. ಅಳಿವೆಯಲ್ಲಿ ಮಾತ್ರ ಯಾರೂ ಈಜಲು ಇಳಿಯಬಾರದು. ನೀರಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ, ಊರಿನ ಮೀನುಗಾರರೇ ಅಲ್ಲಿ ಎಚ್ಚರದಲ್ಲಿರುತ್ತಾರೆ. ಬೆಂಗ್ರೆಯಿಂದ ಇನ್ನೊಂದು ಫೆರಿ ಹಿಡಿದರೆ ಹಳೇ ಬಂದರು. ಅಲ್ಲಿ ಇಳಿದು ಬಿಸಿ ಗೋಳಿಬಜೆ, ಒಂದು ಚಾ.

ಮರುದಿನ ಪಿಲಿಕುಳ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಸ್ಟೇಟ್‌ಬ್ಯಾಂಕಿನಿಂದ ಮೂಡುಶೆಡ್ಡೆಯ ಬಸ್ಸು ಹತ್ತಿದರೆ ವಾಮಂಜೂರು ದಾಟಿದ ಮೇಲೆ ಸಿಗುತ್ತದೆ. ಹೆಚ್ಚಿನವರು ಪ್ರಾಣಿಗಳನ್ನು ನೋಡಲು ಹೋಗುತ್ತಾರೆ. ಕಾಳಿಂಗ ಸರ್ಪಗಳ ಸಂತಾನಾಭಿವೃದ್ಧಿಗೆ ಈ ಜೈವಿಕ ಉದ್ಯಾನ ಹೆಸರಾಗಿದೆ. 2018ರಲ್ಲಿ ತೆರೆದ ತಾರಾಲಯದ ಮುಂದೆಯೂ ಸಾಲು ಇರುತ್ತದೆ. ನನ್ನ ಶಿಫಾರಸು ಸಸ್ಯಕಾಶಿಗೆ. ಪಶ್ಚಿಮಘಟ್ಟದ ಮರಗಳನ್ನು ಹೆಸರು ಬರೆದು ಬೆಳೆಸಿದ ಅಂಥ ತೋಟದಲ್ಲಿ ಒಂದು ಗಂಟೆ ನಡೆದರೆ ಆಮೇಲೆ ಘಾಟಿಯ ಕಾಡು ನಿಮಗೆ ಬರೀ 'ಹಸುರು' ಆಗಿ ಕಾಣುವುದಿಲ್ಲ.

ಅಲೆಯ ಮೇಲೆ ನಿಲ್ಲುವ ಆಸೆಯಿದ್ದವರು ಮೂಲ್ಕಿಗೆ ಹೋಗುತ್ತಾರೆ. ಶಾಂಭವಿ ಹೊಳೆಯ ದಡದ ಒಂದು ಆಶ್ರಮದಲ್ಲಿ 2004ರಲ್ಲಿ ಶುರುವಾದ ಸರ್ಫಿಂಗ್ ಕ್ಲಬ್ಬನ್ನು ದೇಶದ ಮೊದಲನೆಯದು ಎನ್ನುತ್ತಾರೆ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಮೀನುಗಾರರ ಮನೆಯ ಮಕ್ಕಳು ಹಲಗೆ ಹಿಡಿದು ಅಲೆಗೆ ಎದುರಾಗುವುದನ್ನು ನೋಡುವುದೇ ಒಂದು ಸಂತೋಷ. ಸೋಮೇಶ್ವರದ ಕಡಲ ಬಂಡೆಗಳು ಸೂರ್ಯಾಸ್ತಕ್ಕೆ ಚೆನ್ನ. ಕೊಣಾಜೆಯ ವಿಶ್ವವಿದ್ಯಾನಿಲಯದ ಆವರಣ ಹಕ್ಕಿ ನೋಡುವವರಿಗೆ. ಬೆಳ್ತಂಗಡಿಯ ಗಡಾಯಿಕಲ್ಲು ಗಟ್ಟಿ ಕಾಲಿನವರಿಗೆ.

ಮಳೆಗಾಲದಲ್ಲಿ ಬರಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಕಡಲಿಗೆ ಇಳಿಯಬೇಡಿ, ಆ ಮಾತು ಸರಿ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳೇ ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ಆದರೆ ನೆಲದ ಮೇಲಿನ ಮಂಗಳೂರು ಅರಳುವುದು ಆಗಲೇ. ಬೇಸಗೆಯಲ್ಲಿ ಕಾಲು ಸುಡುತ್ತಿದ್ದ ಪದವಿನ ಕಲ್ಲಿನ ಗುಳಿಗಳಲ್ಲಿ ನೀರು ನಿಂತು, ಬೆರಳೆತ್ತರದ ಹುಲ್ಲಿನ ನಡುವೆ ನೀಲಿ, ಬಿಳಿ ಹೂಗಳು ಹಾಸಿಕೊಳ್ಳುತ್ತವೆ. ಮೊದಲ ಗುಡುಗಿನ ಮೇಲೆ ಕಲ್ಲಣಬೆ ಹುಡುಕುವವರು ಗುಡ್ಡೆ ಹತ್ತುತ್ತಾರೆ. ಯಾವ ಜಾಗದಲ್ಲಿ ಸಿಕ್ಕಿತೆಂದು ಯಾರೂ ಬಾಯಿ ಬಿಡುವುದಿಲ್ಲ.

ಆಟಿ ಅಮಾವಾಸ್ಯೆಯ ದಿನ ಬಂಟ್ವಾಳ ತಾಲೂಕಿನ ಕಾರಿಂಜಕ್ಕೆ, ನರಹರಿ ಪರ್ವತಕ್ಕೆ ಜನ ಮಳೆಯಲ್ಲೇ ತೀರ್ಥಸ್ನಾನಕ್ಕೆ ಹತ್ತುತ್ತಾರೆ. ವೆಸ್ಟ್‌ಪೋರ್ಟಿನ ಹತ್ತಿರವೂ ಹೀಗೇ ಒಂದು ಬೆಟ್ಟ ಉಂಟು, 764 ಮೀಟರ್ ಎತ್ತರದ ಕ್ರೋ ಪ್ಯಾಟ್ರಿಕ್. ಜುಲೈಯ ಕೊನೆಯ ಭಾನುವಾರ ಅಲ್ಲಿಯವರು, ಕೆಲವರು ಬರಿಗಾಲಲ್ಲೇ, ಅದನ್ನು ಏರುತ್ತಾರೆ. ಹೆಚ್ಚು ಕಡಿಮೆ ಅದೇ ದಿನಗಳು, ಅಂಥದ್ದೇ ಮಳೆ.

ಬೆಟ್ಟಕ್ಕೆ ಹೋಗದವರಿಗೂ ಆಟಿ ಅಮಾವಾಸ್ಯೆಯ ದಿನ ಒಂದು ನಡಿಗೆ ಇದೆ. ಬೆಳಕು ಹರಿಯುವ ಮೊದಲೇ ಒಬ್ಬರು ಪಾಲೆ ಮರದ ಹತ್ತಿರ ಹೋಗಬೇಕು. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಲ್ಲೇ ಜಜ್ಜಿ ತೊಗಟೆ ತೆಗೆಯಬೇಕು. ಕತ್ತಲಲ್ಲಿ ಮರ ತಪ್ಪಿದರೆ ಜೀವಕ್ಕೇ ಅಪಾಯ. ಹಾಗಾಗಿ ನನ್ನ ಅಜ್ಜ ಹಿಂದಿನ ಸಂಜೆಯೇ ನಮ್ಮನ್ನು ಗುಡ್ಡೆಗೆ ಕರೆದೊಯ್ದು, ಒಂದೇ ಗಂಟಿನ ಸುತ್ತ ಏಳೆಂಟು ಎಲೆ ಕೊಡೆಯ ಹಾಗೆ ನಿಂತಿರುವುದನ್ನು ತೋರಿಸಿ, ಬುಡಕ್ಕೆ ಬಳ್ಳಿ ಕಟ್ಟಿಸಿ ಗುರುತು ಮಾಡಿಸುತ್ತಿದ್ದರು. ಮನೆಗೆ ತಂದ ತೊಗಟೆಯ ರಸಕ್ಕೆ ಓಮ, ಕರಿಮೆಣಸು, ಬೆಳ್ಳುಳ್ಳಿ. ಕೊನೆಗೆ ಕೆಂಡದಲ್ಲಿ ಕಾಯಿಸಿದ ಬಿಳಿ ಬೆಣಚುಕಲ್ಲು ಅದರೊಳಗೆ ಚುಂಯ್ ಎಂದು ಮುಳುಗುತ್ತದೆ. ಬರಿಹೊಟ್ಟೆಯಲ್ಲಿ ಒಂದು ಲೋಟ, ಕಹಿಯೋ ಕಹಿ. ಆಮೇಲೆ ಮೆಂತೆ ಗಂಜಿ.